ಮೂಟೆ ಬಿಚ್ಚುವಾಗಲೇ ಆಗಬೇಕಾದ ಪರೀಕ್ಷೆ

ಜಯನಗರ, ಬನಶಂಕರಿ ಕಡೆಯ ಯಾವುದಾದರೂ ಗ್ರಂಧಿಗೆ ಅಂಗಡಿಯಲ್ಲಿ ‘ಅಶೋಕದ ಚಕ್ಕೆ ಕೊಡಿ’ ಎಂದರೆ ಕಂದು ಬಣ್ಣದ ತೊಗಟೆಯ ತುಂಡುಗಳು ಪೊಟ್ಟಣಕ್ಕೆ ಬೀಳುತ್ತವೆ. ಎಲೆಯಿಲ್ಲ, ಹೂವಿಲ್ಲ, ಕಾಯಿಲ್ಲ. ಒಣಗಿ ಮುರಿದ ತೊಗಟೆ ನೋಡಿ ಮರದ ಹೆಸರು ಹೇಳುವುದು ಸಸ್ಯಶಾಸ್ತ್ರ ಓದಿದವರಿಗೂ ಕಷ್ಟ. ಅಂಗಡಿಯವರು ನಂಬುವುದು ಮೂಟೆ ಕಳಿಸಿದ ಸಗಟು ವ್ಯಾಪಾರಿಯನ್ನು; ಅವರು ನಂಬುವುದು ಕಾಡಂಚಿನಲ್ಲಿ ಸಂಗ್ರಹಿಸಿದವರನ್ನು. ಮುಟ್ಟಿನ ಅತಿಸ್ರಾವಕ್ಕೆಂದು ಅಶೋಕಾರಿಷ್ಟ ಕುಡಿಯುವ ಹೆಣ್ಣುಮಗಳ ತನಕ ಈ ನಂಬಿಕೆಯ ಸರಪಳಿಯೇ ಹಬ್ಬಿದೆ.

ಆ ಸರಪಳಿಯನ್ನು ಬೆಂಗಳೂರಿನದೇ ವಿಜ್ಞಾನಿಗಳು ಡಿಎನ್‌ಎ ಹಿಡಿದು ಪರೀಕ್ಷಿಸಿದ್ದಾರೆ. ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ‘ಏಟ್ರೀ’ ಸಂಸ್ಥೆಯ ಜಿ. ರವಿಕಾಂತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಶೋಕವೆಂದು ಮಾರಾಟವಾಗುತ್ತಿದ್ದ ಮಾದರಿಗಳಲ್ಲಿ ಶೇ 80ಕ್ಕೂ ಹೆಚ್ಚು ಅಶೋಕವೇ ಅಲ್ಲ. ಕನಿಷ್ಠ 7 ಬೇರೆ ಬೇರೆ ಸಸ್ಯಕುಟುಂಬಗಳ ತೊಗಟೆ ಅದರಲ್ಲಿತ್ತು. ನಮ್ಮ ಬಡಾವಣೆಗಳ ಕಾಂಪೌಂಡಿನುದ್ದಕ್ಕೂ ನೆಟ್ಟಗೆ ನಿಂತ ಮರವನ್ನು ಅಶೋಕವೆಂದು ಕರೆಯುವವರಿದ್ದಾರೆ. ಅದು ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕ ಪಶ್ಚಿಮಘಟ್ಟದ ತಂಪಿನಲ್ಲಿ ಕಿತ್ತಳೆ–ಕೆಂಪು ಗೊಂಚಲು ಬಿಡುವ ಬೇರೆಯೇ ಮರ.

ಈ ಪರೀಕ್ಷೆಯ ಮೂಲ ತತ್ವ ಸರಳ. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ, ಜೀವಿಗಳನ್ನು ಗುರುತಿಸಲು ಇಡೀ ಜೀನೋಮ್ ಓದಬೇಕಿಲ್ಲ, ಒಂದು ಚಿಕ್ಕ ತುಣುಕು ಸಾಕು ಎಂದರು. ಅಂಗಡಿ ಸಾಮಾನಿನ ಪಟ್ಟಿಗೆರೆಯಂತೆ ಅದಕ್ಕೆ ‘ಬಾರ್‌ಕೋಡ್’ ಎಂಬ ಹೆಸರು ಬಂತು. ಪ್ರಾಣಿಗಳಿಗೆ ಒಗ್ಗಿದ ಜೀನ್ ಸಸ್ಯಗಳಿಗೆ ಒಗ್ಗಲಿಲ್ಲ, ಅಲ್ಲಿ ಅದು ಬದಲಾಗುವ ವೇಗ ತೀರಾ ನಿಧಾನ. ಹಾಗಾಗಿ 2009ರಲ್ಲಿ ಹರಿದ್ರೇಣುವಿನ (ಕ್ಲೋರೋಪ್ಲಾಸ್ಟ್) ‘ಆರ್‌ಬಿಸಿಎಲ್’ ಮತ್ತು ‘ಮ್ಯಾಟ್‌ಕೆ’ ಎಂಬ ಎರಡು ಜೀನ್‌ಗಳನ್ನು ಸಸ್ಯಗಳಿಗೆ ಗೊತ್ತುಮಾಡಲಾಯಿತು. ತೊಗಟೆಯ ಚೂರನ್ನು ಅರೆದು ಡಿಎನ್‌ಎ ಬೇರ್ಪಡಿಸಿ, ಪಿಸಿಆರ್‌ನಲ್ಲಿ ಆ ತುಣುಕನ್ನು ವೃದ್ಧಿಸಿ, ಅಕ್ಷರಗಳ ಸಾಲನ್ನು ಓದಿ, ಗುರುತು ಖಚಿತವಾದ ಗಿಡದ ಸಾಲಿನೊಂದಿಗೆ ಹೋಲಿಸುತ್ತಾರೆ. ಆ ಕೊನೆಯ ಹೆಜ್ಜೆಗೆ ಯಂತ್ರ ಸಾಲದು. ಕಾಡಿಗೆ ಹೋಗಿ ಗಿಡ ಗುರುತಿಸಿ, ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಟ್ಟ ಸಸ್ಯಶಾಸ್ತ್ರಜ್ಞ ಬೇಕು. ಯಲಹಂಕದ ಬಳಿಯ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಔಷಧೀಯ ಸಸ್ಯಗಳ ಹರ್ಬೇರಿಯಂನಂಥ ಸಂಗ್ರಹಗಳಿಲ್ಲದೆ ಡಿಎನ್‌ಎ ಸಾಲು ಬರೀ ಅಕ್ಷರಮಾಲೆ.

ಎಲ್ಲ ಕಡೆಯೂ ಮೋಸವೇ ನಡೆದಿದೆ ಎಂದುಕೊಳ್ಳಬಾರದು. ಇದೇ ತಂಡ, ಕಾದಂಬರಿಗಳ ಮೂಲಕ ಕನ್ನಡಿಗರಿಗೆ ಚಿರಪರಿಚಿತರಾದ ಕೆ.ಎನ್. ಗಣೇಶಯ್ಯನವರೂ ಸೇರಿ, ಕಾಮಾಲೆಗೆ ಬಳಸುವ ನೆಲನೆಲ್ಲಿಯನ್ನು ದಕ್ಷಿಣ ಭಾರತದ 25 ಅಂಗಡಿಗಳಿಂದ ತಂದು ನೋಡಿತ್ತು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಶೇ 76ರಷ್ಟು ಮಾದರಿಗಳು ಬಹುಪಾಲು ಸರಿಯಾದ ಗಿಡದವೇ. ಉಳಿದವುಗಳಲ್ಲಿ ಅದೇ ಕುಲದ ಐದು ಬೇರೆ ಪ್ರಭೇದಗಳಿದ್ದವು. ಆದರೆ 2015ರಲ್ಲಿ ಬೇರೊಂದು ತಂಡ ‘ಬಲಾ’ ಎಂಬ ಮೂಲಿಕೆಯನ್ನು ನೋಡಿದಾಗ ಒಂದು ಮಾದರಿಯೂ ಶಾಸ್ತ್ರ ಹೇಳಿದ ಗಿಡದ್ದಾಗಿರಲಿಲ್ಲ. ಮುಕ್ಕಾಲು ಪಾಲು ಅದರ ದಾಯಾದಿಗಳು, ಉಳಿದದ್ದು ಶ್ರೀಮುದ್ರೆಯ ಕುಲದಂಥ ಬೇರೆ ಗಿಡಗಳು.

ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವ ಕಾರಣಗಳು ಬೇರೆಬೇರೆ. ನೆಲನೆಲ್ಲಿ ಮಳೆ ಬಿದ್ದರೆ ಜೆ.ಪಿ. ನಗರದ ಖಾಲಿ ಸೈಟಿನಲ್ಲೂ ಏಳುತ್ತದೆ; ಸಿಗುವುದರಿಂದ ಸರಿಯಾದದ್ದೇ ಬರುತ್ತದೆ. ಬಲಾ ಜಾತಿಯವು ನೋಡಲು ಒಂದೇ ಥರ, ಕಿತ್ತು ತರುವವರಿಗೆ ವ್ಯತ್ಯಾಸ ಹೇಳಿಕೊಟ್ಟವರಿಲ್ಲ. ಅಶೋಕದ ಕಥೆ ಕೊರತೆಯದು. ತೊಗಟೆಗಾಗಿ ಸುಲಿದ ಮರ ಸಾಯುತ್ತದೆ, ಕಾಡಿನಲ್ಲಿ ಅದು ಅಪಾಯದ ಪಟ್ಟಿಯಲ್ಲಿದೆ, ಬೇಡಿಕೆ ಮಾತ್ರ ಇಳಿದಿಲ್ಲ. ಇಲ್ಲಿ ಪ್ರಯೋಗಾಲಯದ ಜೊತೆಗೆ ಅಶೋಕದ ತೋಟವೂ ಬೇಕು.

ತಪ್ಪು ಗಿಡ ಕೆಲಸ ಮಾಡದಿದ್ದರೆ ದುಡ್ಡು ದಂಡ, ಅಷ್ಟೇ ಅಂದುಕೊಳ್ಳುವಂತಿಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಈಶ್ವರಿ ಬಳ್ಳಿಯ ಕುಲದ ಗಿಡ ಸೇರಿಹೋಗಿ, ಹಲವಾರು ಮಹಿಳೆಯರ ಮೂತ್ರಪಿಂಡಗಳೇ ಹಾಳಾದವು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೂ ಬಂತು.

ಡಿಎನ್‌ಎ ಪರೀಕ್ಷೆಗೆ ಮಿತಿಗಳಿವೆ. ಬೇರು ಬೇಕಾದಲ್ಲಿ ಎಲೆ ಹಾಕಿದ್ದರೂ ಅದು ‘ಸರಿ’ ಎನ್ನುತ್ತದೆ, ಏಕೆಂದರೆ ಡಿಎನ್‌ಎ ಒಂದೇ. ಔಷಧಿಯ ಸತ್ವ ಎಷ್ಟಿದೆ, ಕೀಟನಾಶಕ ಇದೆಯೇ ಎಂಬುದನ್ನು ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕುದಿಸಿದ ಕಷಾಯದಲ್ಲಿ, ಶೋಧಿಸಿದ ಸಾರದಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ, ಇಲ್ಲವೇ ಉಳಿದೇ ಇರುವುದಿಲ್ಲ. 2015ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ದೊಡ್ಡ ಮಳಿಗೆಗಳ ಗಿಡಮೂಲಿಕೆ ಮಾತ್ರೆಗಳನ್ನು ಈ ವಿಧಾನದಿಂದ ಪರೀಕ್ಷಿಸಿದಾಗ ಎದ್ದ ಆಕ್ಷೇಪವೂ ಇದೇ. ಬಾಟಲಿಗೆ ಬಂದ ಮೇಲೆ ರಾಸಾಯನಿಕ ಪರೀಕ್ಷೆಗಳನ್ನೇ ನೆಚ್ಚಬೇಕು. ಡಿಎನ್‌ಎ ಸ್ಪಷ್ಟವಾಗಿ ಮಾತಾಡುವುದು ಮೂಟೆಯ ಹಂತದಲ್ಲಿ.

ಈ ಪರೀಕ್ಷೆ ಶುರುವಾಗಬಹುದಾದ ಜಾಗಗಳು ದಕ್ಷಿಣ ಬೆಂಗಳೂರಿನಲ್ಲೇ ಇವೆ. ಜಯನಗರದ ಅಶೋಕ ಸ್ತಂಭದ ಬಳಿ ಸರ್ಕಾರಿ ಕೇಂದ್ರ ಔಷಧಾಲಯವಿದೆ, ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ಕೇಂದ್ರೀಯ ಆಯುರ್ವೇದ ಸಂಶೋಧನಾ ಸಂಸ್ಥೆಯಿದೆ. ಸರ್ಕಾರ ಕೊಳ್ಳುವ ಕಚ್ಚಾ ಮೂಲಿಕೆಗೆ, ಕನಿಷ್ಠ ಅಶೋಕ, ಬಲಾದಂಥ ಕಲಬೆರಕೆ ಸಾಬೀತಾದ ಕೆಲವಕ್ಕಾದರೂ, ಟೆಂಡರಿನಲ್ಲೇ ಡಿಎನ್‌ಎ ಗುರುತಿನ ಷರತ್ತು ಹಾಕಬಹುದು. ಸರಿಯಾದ ತೊಗಟೆಗೆ ಸರಿಯಾದ ಬೆಲೆಯನ್ನೂ ಅಲ್ಲೇ ಬರೆಯಬೇಕು; ಇಲ್ಲದಿದ್ದರೆ ಅಶೋಕ ನೆಟ್ಟು ವರ್ಷಗಟ್ಟಲೆ ಕಾಯುವ ರೈತ ಯಾರು?