ಗಣಕಯಂತ್ರಗಳಲ್ಲಿ ಪಾಠಭೇದ

ತಾಳೆಗರಿಯ ಕಾಲದಲ್ಲಿ ಒಂದೇ ಕಾವ್ಯವನ್ನು ಹತ್ತು ಮಂದಿ ಲಿಪಿಕಾರರು ಪ್ರತಿಮಾಡಿದರೆ ಹಲವು ಪಾಠಗಳು ಹುಟ್ಟುತ್ತಿದ್ದುವೆಂಬುದನ್ನು ವಾಚಕರು ಬಲ್ಲರು. ಈಗಿನ ಕಛೇರಿಗಳ ಗಣಕಯಂತ್ರಗಳಲ್ಲಿಯೂ ಈ ದೋಷವು ಬೇರೊಂದು ವೇಷದಿಂದ ತಲೆದೋರುವುದುಂಟು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಕಾಗದವನ್ನು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ, ಶುದ್ಧ ಕನ್ನಡವು ಅರ್ಥಹೀನವಾದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದು. ಯೂನಿಕೋಡ್ ಕ್ರಮವು ಬಂದಮೇಲೆ ಈ ತೊಡಕು ಬಹುಮಟ್ಟಿಗೆ ತಗ್ಗಿದೆ. ಹಳೆಯ ಕಡತಗಳಲ್ಲಿ ಮಾತ್ರ ಉಳಿದಿದೆ.

ಇದರಿಂದ ಗೃಹಸ್ಥರಿಗೇನೆಂದು ಕೇಳಬಹುದು. ಕಾವೇರಿಗೆ ಸಮೀಪದ ಕಾಡಿನ ನಡುವೆ, ತಮಿಳುನಾಡಿನ ಎಲ್ಲೆಯ ಬಳಿ ಇರುವ ಗೋಪಿನಾಥಂ ಗ್ರಾಮವನ್ನೇ ನೋಡೋಣ. ಈಗ ಹನೂರು ತಾಲ್ಲೂಕಿಗೆ ಸೇರಿದ ಈ ಊರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನದಾಗಿದ್ದಿತು. ಅಲ್ಲಿನ ರೈತನು ತಾಲ್ಲೂಕು ಕಛೇರಿಗೆ ಹೋಗಬೇಕಾದರೆ ಮಲೆ ಮಹದೇಶ್ವರ ಬೆಟ್ಟದ ದಾರಿಯನ್ನು ಹಿಡಿಯಬೇಕು. ಮೊದಲು ಪಹಣಿಯನ್ನು ಗ್ರಾಮಲೆಕ್ಕಿಗರು ಕೈಯಿಂದ ಬರೆದುಕೊಡುತ್ತಿದ್ದರು. ‘ಭೂಮಿ’ ಯೋಜನೆಯಿಂದ, 2002ರ ಹೊತ್ತಿಗೆ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಯಂತ್ರಸ್ಥವಾದುವು. 15 ರೂಪಾಯಿ ಶುಲ್ಕಕ್ಕೆ ಪ್ರತಿಯು ದೊರೆಯುವಂತಾಯಿತು. ಆದರೆ ಯಂತ್ರವು ಮೂಕವಾದ ದಿನ, ದೂರದಿಂದ ಬಂದವನ ಬಸ್ಸಿನ ಹಣವೂ ದಿನದ ಕೂಲಿಯೂ ವ್ಯರ್ಥ.

ಆದುದರಿಂದ ಕಛೇರಿಯ ಯಂತ್ರಗಳೆಲ್ಲಕ್ಕೂ ಒಂದೇ ತಂತ್ರಾಂಶವನ್ನು ಕ್ರಮವರಿತು ಅಳವಡಿಸತಕ್ಕದ್ದು. ಹಿಂದೆ ಒಬ್ಬನು ಅಡಕಮುದ್ರಿಕೆಯನ್ನು ಹಿಡಿದು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದನು. ಯಂತ್ರಗಳು ಜಾಲದಿಂದ ಕೂಡಿಕೊಂಡಿದ್ದರೆ ಆ ಅಲೆದಾಟವು ಬೇಡ. ತಂತ್ರಾಂಶದ ಶುದ್ಧಪ್ರತಿಯೊಂದನ್ನು ಸರ್ವರಿನಲ್ಲಿಟ್ಟು, ಮಿಕ್ಕ ಯಂತ್ರಗಳು ಅಲ್ಲಿಂದಲೇ ಅದನ್ನು ಪಡೆದು ತಾವಾಗಿ ಅಳವಡಿಸಿಕೊಳ್ಳುವಂತೆ ಆಜ್ಞೆಮಾಡಬಹುದು.

ಇಲ್ಲಿ ಆತುರವು ಸಲ್ಲದು. ಒಂದೇ ಆಜ್ಞೆಯಿಂದ ಎಲ್ಲ ಯಂತ್ರಗಳೂ ನೆಟ್ಟಗಾಗುವಂತೆ, ಒಂದೇ ತಪ್ಪಿನಿಂದ ಎಲ್ಲವೂ ಕೆಡಬಹುದು. ಅನ್ನ ಬೆಂದಿತೇ ಎಂದು ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಮೊದಲು ಒಂದೆರಡು ಯಂತ್ರಗಳಲ್ಲಿ ಪರೀಕ್ಷಿಸಬೇಕು. ಹಳೆಯ ಕಡತಗಳ ಪ್ರತಿಯನ್ನು ಬೇರೆಡೆ ಕಾಪಾಡಬೇಕು. ಜನರು ಬರುವ ಹೊತ್ತನ್ನು ಬಿಟ್ಟು, ವಿದ್ಯುತ್ತು ನಡುವೆ ಕೈಕೊಡದಂತೆ ಏರ್ಪಾಡುಮಾಡಿ, ಕಾರ್ಯವನ್ನು ಮುಗಿಸಬೇಕು. ಆ ದಿನ ಆರಿಸಿದ್ದ ಯಂತ್ರವು ಹಳೆಯದಾಗಿಯೇ ಉಳಿಯುವುದರಿಂದ, ಯಾವುದಕ್ಕೆ ತಲಪಿತು, ಯಾವುದಕ್ಕಿಲ್ಲವೆಂಬ ಪಟ್ಟಿಯೂ ಅವಶ್ಯ.

ಇಷ್ಟಾದರೂ ಯಂತ್ರವು ಒಳಗಿಟ್ಟುದನ್ನೇ ಹೊರಗೆ ಕೊಡುವುದು. ತಪ್ಪಾಗಿ ಬರೆದ ಹೆಸರನ್ನು ಅದು ತಿದ್ದಲಾರದು. ವಾಚಕರು ಪಹಣಿಯನ್ನು ಪಡೆದೊಡನೆ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಈ ಮೂರನ್ನೂ ಕಿಟಕಿಯ ಬಳಿಯೇ ಓದಿನೋಡಿ, ಅನಂತರ ಊರಿನ ಬಸ್ಸನ್ನು ಹತ್ತುವುದು ಕ್ಷೇಮವೆಂದು ನಾವು ಭಾವಿಸುತ್ತೇವೆ.