ಓಡುವ ಕಾರಿನ ಕೂಗು

ಗ್ಯಾರೇಜಿಗೆ ಹೋಗಿ "ಗಾಡಿಯಿಂದ ಏನೋ ಸೌಂಡ್ ಬರ್ತಿದೆ" ಎಂದರೆ, ಒಳ್ಳೆಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು "ಯಾವಾಗ ಬರುತ್ತೆ ಸಾರ್?" ಎಂದು ಕೇಳುತ್ತಾನೆ. ಉಳಿದವರು ನೇರವಾಗಿ ಸ್ಪ್ಯಾನರ್ ಹಿಡಿಯುತ್ತಾರೆ. ಬಿಲ್ಲು ಬೆಳೆಯುವುದು ಹಾಗೆಯೇ. ಆ "ಯಾವಾಗ"ಕ್ಕೆ ಸರಿಯಾದ ಉತ್ತರ ಕಾರಿನ ಮಾಲೀಕನಲ್ಲಿದ್ದರೆ ಅರ್ಧ ರಿಪೇರಿ ಆದಂತೆಯೇ.

ಕಟಕಟ, ಗಡಗಡ ಎನ್ನುವುದು ಸಾಮಾನ್ಯವಾಗಿ ಸಡಿಲಗೊಂಡ ಭಾಗದ ಸದ್ದು. 'ಗುಂಯ್' ಎಂದು ಎಳೆದಂತೆ ಬರುವ ಕೂಗು ಹಾಗಲ್ಲ, ಅದು ತಿರುಗುವ ಭಾಗದ್ದು. ಒಂದು ಲೆಕ್ಕ ನೋಡಿ. ಚಕ್ರದ ಸುತ್ತಳತೆ 1.9 ಮೀಟರ್ ಇದ್ದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 9 ಸುತ್ತು ಹಾಕುತ್ತದೆ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಲ್ಲಿ ಚಕ್ರದಷ್ಟೇ ಸುತ್ತು ಹಾಕುವ ಕ್ರೌನ್ ವೀಲ್‌ಗೆ 41 ಹಲ್ಲುಗಳಿವೆ ಎನ್ನೋಣ. ಸೆಕೆಂಡಿಗೆ ಸುಮಾರು 360 ಬಾರಿ ಹಲ್ಲಿಗೆ ಹಲ್ಲು ಕೂಡುತ್ತದೆ. ಹಲ್ಲು ಸವೆದಿದ್ದರೆ ಅಷ್ಟೇ ಕಂಪನಗಳ ಸ್ವರವೊಂದು ಕ್ಯಾಬಿನ್‌ಗೆ ಕೇಳುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಹಾಗಾಗಿ ಪತ್ತೆ ಮಾಡಬೇಕಾದ ಮೊದಲ ಸಂಗತಿ, ಕೂಗು ಹಿಂಬಾಲಿಸುತ್ತಿರುವುದು ಎಂಜಿನ್ನಿನ ವೇಗವನ್ನೋ ಚಕ್ರದ ವೇಗವನ್ನೋ ಎಂಬುದು.

ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ರೇಸ್ ಕೊಡಿ. ನಿಂತಲ್ಲೇ ಕೂಗು ಬಂದರೆ ತಪ್ಪಿತಸ್ಥ ಬಾನೆಟ್ ಕೆಳಗೇ ಇದ್ದಾನೆ. ಆಲ್ಟರ್ನೇಟರ್‌ನ ಬೇರಿಂಗ್, ಬೆಲ್ಟಿನ ಟೆನ್ಷನರ್, ವಾಟರ್ ಪಂಪ್ ಇವೇ ಸಾಮಾನ್ಯ. ಬೆಲ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಸಮಸ್ಯೆ ಬೆಲ್ಟಿನದು, ಬದಲಾಗದಿದ್ದರೆ ಯಾವುದೋ ಬೇರಿಂಗಿನದು. (ಸೆರಗು, ದುಪಟ್ಟಾ, ಸಡಿಲ ತೋಳು ಬೆಲ್ಟಿನ ಹತ್ತಿರ ಸುಳಿಯಕೂಡದು.) ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಕೂಗಿದರೆ ಪವರ್ ಸ್ಟಿಯರಿಂಗ್ ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿರಬಹುದು. ಆಯಿಲ್ ತುಂಬಿದರೆ ಸಾಲದು, ಸೋರಿಕೆಯನ್ನೂ ಹುಡುಕಬೇಕು. ಆದರೆ ಈಚಿನ ಬಹುತೇಕ ಸಣ್ಣ ಕಾರುಗಳಲ್ಲಿ ಸ್ಟಿಯರಿಂಗಿಗೆ ನೆರವಾಗುವುದು ವಿದ್ಯುತ್ ಮೋಟಾರು, ಅಲ್ಲಿ ಆಯಿಲೇ ಇರುವುದಿಲ್ಲ. ಅಂಥ ಕಾರಿನ ಬಿಲ್ಲಿನಲ್ಲಿ ಸ್ಟಿಯರಿಂಗ್ ಆಯಿಲ್ ಕಂಡರೆ ತಕ್ಷಣ ಕೇಳಿ.

ನಿಂತಾಗ ಸುಮ್ಮನಿದ್ದು ಓಡುವಾಗ ಮಾತ್ರ ಕೂಗುವುದಾದರೆ ಸಮತಟ್ಟಾದ ಖಾಲಿ ರಸ್ತೆ ಬೇಕು. ಅರವತ್ತರ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ನಿನ ಸದ್ದು ಇಳಿದರೂ ಕೂಗು ಹಾಗೆಯೇ ಮುಂದುವರಿದರೆ ಟಯರ್, ವೀಲ್ ಬೇರಿಂಗ್ ಅಥವಾ ಡಿಫರೆನ್ಷಿಯಲ್ ಕಡೆ ನೋಡಬೇಕು. ಘಾಟಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಕೀ ಆಫ್ ಮಾಡುವುದಂತೂ ಎಲ್ಲಿಯೂ ಸಲ್ಲದು. ಬ್ರೇಕಿಗೆ ಎಂಜಿನ್ನಿನ ನೆರವು ತಪ್ಪುತ್ತದೆ, ಸ್ಟಿಯರಿಂಗ್ ಲಾಕ್ ಆಗಬಹುದು.

ಹೆಚ್ಚು ಗೊಂದಲ ಹುಟ್ಟಿಸುವುದು ಟಯರ್ ಮತ್ತು ಬೇರಿಂಗ್. ಎರಡೂ ಒಂದೇ ಥರ ಗುಂಯ್‌ಗುಡುತ್ತವೆ, ಒಂದರ ಬದಲು ಇನ್ನೊಂದನ್ನು ಬದಲಿಸಿ ದುಡ್ಡು ಕಳೆದುಕೊಂಡವರು ಬಹಳ. ರಸ್ತೆ ಬದಲಾದಾಗ ಗಮನಿಸಿ: ಡಾಂಬರಿನಿಂದ ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಗೆ ಇಳಿದ ಕೂಡಲೇ ಸದ್ದಿನ ಬಗೆಯೇ ಬೇರೆಯಾದರೆ ಟಯರನ್ನು ಶಂಕಿಸಿ. ಟಯರಿನ ಮೇಲ್ಮೈಯನ್ನು ಅಂಗೈಯಿಂದ ಎರಡೂ ದಿಕ್ಕಿಗೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ತರಚುವಂತಿದ್ದರೆ ಅಸಮವಾಗಿ ಸವೆದಿದೆ. ಹಿಂದಿನ ಟಯರನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿದಾಗ ಸದ್ದೂ ಜಾಗ ಬದಲಿಸಿದರೆ ಅನುಮಾನವೇ ಉಳಿಯದು. ಆಗ ವೀಲ್ ಅಲೈನ್‌ಮೆಂಟನ್ನೂ ನೋಡಿಸಬೇಕು, ಇಲ್ಲವಾದರೆ ಹೊಸ ಟಯರೂ ಹಾಗೆಯೇ ಸವೆಯುತ್ತದೆ.

ಬೇರಿಂಗ್ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಕೂಗು ಜೋರಾದರೆ ಸಾಮಾನ್ಯವಾಗಿ ಬಲಗಡೆಯದು ಕೆಟ್ಟಿದೆ, ಬಲಕ್ಕೆ ತಿರುಗುವಾಗ ಜೋರಾದರೆ ಎಡಗಡೆಯದು. ಗ್ಯಾರೇಜಿನಲ್ಲಿ ಜಾಕಿ ಎತ್ತಿ ಸ್ಟ್ಯಾಂಡ್ ಕೊಟ್ಟ ಮೇಲೆ ನುರಿತವರು ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಡುತ್ತಾರೆ. ಕಿವಿಗೆ ಕೇಳದ ಗರಗರ ಬೆರಳಿಗೆ ತಿಳಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟಿದಾಗ ಸೀಲ್ ದಾಟಿ ನೀರು ಒಳಸೇರಿ ಗ್ರೀಸ್ ಹಾಳಾಗುವುದು, ಗುಂಡಿಗೆ ಧಡ್ ಎಂದು ಬಿದ್ದಾಗ ಬೇರಿಂಗಿನ ಹಾದಿಯಲ್ಲಿ ತಗ್ಗು ಬೀಳುವುದು, ಎರಡೂ ನಮ್ಮಲ್ಲಿ ಸಾಮಾನ್ಯ. ಸೀಲ್ ಆದ ಬೇರಿಂಗಿಗೆ ರಿಪೇರಿ ಇಲ್ಲ, ಬದಲಿಸಲೇಬೇಕು. ಅದನ್ನು ಪ್ರೆಸ್‌ನಲ್ಲಿ ಕೂರಿಸಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಹೊಸ ಬೇರಿಂಗ್ ಬೇಗನೆ ಮತ್ತೆ ಕೂಗುತ್ತದೆ. ತೀರಾ ಉಪೇಕ್ಷಿಸಿದರೆ ಚಕ್ರವೇ ಅಲ್ಲಾಡತೊಡಗುತ್ತದೆ.

ಗೇರ್‌ಬಾಕ್ಸಿನ ಕೂಗನ್ನು ಗುರುತಿಸುವುದು ಸುಲಭ. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಸವೆದಿರಬಹುದು. ನ್ಯೂಟ್ರಲ್‌ನಲ್ಲಿ ಕೂಗಿ, ಕ್ಲಚ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್, ಒತ್ತಿದಾಗ ಮಾತ್ರ ಬಂದರೆ ಕ್ಲಚ್ ರಿಲೀಸ್ ಬೇರಿಂಗ್ ಇರಬಹುದು. ರಿವರ್ಸ್‌ನಲ್ಲಿ ಬರುವ ಕೂಗಿಗೆ ಹೆದರಬೇಡಿ. ಮುಂದಿನ ಗೇರುಗಳಿಗೆ ಓರೆ ಹಲ್ಲು, ರಿವರ್ಸಿಗೆ ಹೆಚ್ಚಾಗಿ ನೇರ ಹಲ್ಲು. ನೇರ ಹಲ್ಲು ಕೂಗುವುದು ಸಹಜ. ಎಲೆಕ್ಟ್ರಿಕ್ ಕಾರಿನ ಸಣ್ಣ ಕೂಗೂ ಅಷ್ಟೇ, ಮುಚ್ಚಿಹಾಕಲು ಅಲ್ಲಿ ಎಂಜಿನ್ ಸದ್ದಿಲ್ಲ.

ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ದಪ್ಪ ಆಯಿಲ್ ಸುರಿದರೆ ಕೂಗು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಕಾರಿನ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗಲೂ ದಪ್ಪ ಆಯಿಲಿನ ಈ ಉಪಾಯ ನೆನಪಿರಲಿ. ರಿಪೇರಿಯಾದ ಮೇಲೆ ತೆಗೆದ ಹಳೆ ಭಾಗವನ್ನು ಕೇಳಿ ಪಡೆಯಿರಿ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕೂಗಿದ ರಸ್ತೆಯಲ್ಲೇ, ಅದೇ ವೇಗದಲ್ಲಿ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.