ದೋಣಿಯ ದುರಸ್ತಿ ತಡವಾದಾಗ: ಕರಾವಳಿಗೂ ಕೃಷ್ಣಾ ತೀರಕ್ಕೂ ಬೇಕಾದ ಕೆಲವು ಮಾತುಗಳು



ಜೂನ್ 1 ಬಂತೆಂದರೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಜುಲೈ 31ರ ತನಕ 61 ದಿನ ಬೋಟುಗಳು ದಕ್ಕೆಯಲ್ಲಿ ನಿಲ್ಲುತ್ತವೆ, ಕೆಲವು ದಡಕ್ಕೇರುತ್ತವೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿಗಂತೂ ಈ ರಜೆ ಇನ್ನೂ ಉದ್ದ, ಮೇ 16ರಿಂದ ಸೆಪ್ಟೆಂಬರ್ 15ರವರೆಗೆ. ಒಂದು ಕಾಲದಲ್ಲಿ ಬರೇ ಹಾಯಿಯನ್ನು ನಂಬಿ ಓಡುತ್ತಿದ್ದ ಈ ಮರದ ನೌಕೆಗಳನ್ನು ರಿಪೇರಿ ಮಾಡುವುದು ಈ ದಿನಗಳಲ್ಲೇ. ರಿಪೇರಿ ತಡವಾದರೆ ದುಡಿಮೆ ಹೋಗುತ್ತದೆ, ಸಾಲ ಬೆಳೆಯುತ್ತದೆ. ಇದು ನಮಗೆಲ್ಲ ಗೊತ್ತಿರುವ ವಿಷಯ.

ಆದರೆ ನಮ್ಮದೇ ರಾಜ್ಯದ ಉತ್ತರದ ಅಂಚಿನಲ್ಲಿ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ದೋಣಿಗೆ ಬೇಸಿಗೆಯೇ ರಿಪೇರಿಯ ಕಾಲ, ಮಳೆಗಾಲವೇ ಕೆಲಸದ ಕಾಲ. ನಮ್ಮ ದೋಣಿಯನ್ನು ದಡಕ್ಕೆ ಏರಿಸುವ ಮಳೆಯೇ ಅಲ್ಲಿನ ದೋಣಿಯನ್ನು ನೀರಿಗೆ ಇಳಿಸುತ್ತದೆ. ಅಲ್ಲಿ ದುರಸ್ತಿ ತಡವಾದರೆ ದುಡಿಮೆಯ ಜೊತೆಗೆ ಜೀವಕ್ಕೂ ಅಪಾಯ.

ಅಲ್ಲಿನ ಪರಿಸ್ಥಿತಿ ಏನು?

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಇಲ್ಲಿ ಉಕ್ಕುತ್ತವೆ. ಅಥಣಿ, ಕಾಗವಾಡದ ಕಡೆ ಮಳೆಯೇ ಕಡಿಮೆ. ಹೀಗಾಗಿ ಊರಿನಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ತುಂಬಿ ಬರುವುದುಂಟು. ಮೊದಲು ಮುಳುಗುವುದು ತಗ್ಗಿನಲ್ಲಿರುವ ಬ್ಯಾರೇಜ್ ಸೇತುವೆಗಳು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ ಎಂಬ ಹೆಸರುಗಳನ್ನು ಮಳೆಗಾಲದ ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ಆಗ ಜನ ಸುತ್ತು ದಾರಿ ಹಿಡಿಯಬೇಕು. ನೀರು ಊರನ್ನೇ ಸುತ್ತುವರಿದರೆ ಬೋಟೇ ಗತಿ. 2005, 2019 ಮತ್ತು 2021ರ ನೆರೆಗಳನ್ನು ಆ ಭಾಗದ ಜನ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಮತ್ತು ಸೇನೆಯವರು ಬೋಟುಗಳಲ್ಲಿ ಜನರನ್ನು ಹೊರತಂದರು.

ದುರಸ್ತಿ ಏಕೆ ತಡವಾಗುತ್ತದೆ?

ಮೊದಲನೆಯದಾಗಿ, ದೋಣಿಯ ರೋಗ ಹೊರಗಿನಿಂದ ಕಾಣುವುದಿಲ್ಲ. ಒಂದು ಹಲಗೆ ಬದಲಿಸೋಣವೆಂದು ಬಿಚ್ಚಿದರೆ ಒಳಗಿನ ಅಡ್ಡಮರ ಕೊಳೆತಿರುತ್ತದೆ. ಎರಡು ದಿನದ ಕೆಲಸ ಎರಡು ವಾರವಾಗುತ್ತದೆ.

ಎರಡನೆಯದಾಗಿ, ಒಂದು ಕೆಲಸ ಮುಗಿಯದೆ ಇನ್ನೊಂದು ಆರಂಭವಾಗದು. ಮರ ಒಣಗದೆ ಬಣ್ಣ ಬಳಿಯುವಂತಿಲ್ಲ. ಫೈಬರ್ ದೋಣಿಯ ಬಿರುಕಿಗೆ ರಾಳ ಹಚ್ಚುವ ಮೊದಲು ಆ ಜಾಗ ಪೂರ್ತಿ ಒಣಗಿರಬೇಕು. ತೇವದ ಮೇಲೆ ಹಚ್ಚಿದ ರಾಳ ಸರಿಯಾಗಿ ಗಟ್ಟಿಯಾಗದು, ಹಚ್ಚಿದ ಪದರ ಮುಂದೆ ಕಿತ್ತು ಬರುತ್ತದೆ. ಗಾಳಿ ತುಂಬುವ ರಬ್ಬರ್ ಬೋಟಿನ ತೇಪೆಗೂ ಒಣಗಲು ಸಮಯ ಕೊಡಲೇಬೇಕು. ಈ ಕೆಲಸಗಳು ಮೇ ತಿಂಗಳಿನಿಂದ ಜೂನ್‌ಗೆ ಜಾರಿದರೆ ಗಾಳಿಯ ತೇವದಿಂದಾಗಿ ಮತ್ತಷ್ಟು ನಿಧಾನವಾಗುತ್ತವೆ. ತಡವೇ ತಡವನ್ನು ಹೆರುತ್ತದೆ.

ಮೂರನೆಯದಾಗಿ, ಎಲ್ಲರ ದೋಣಿಗೂ ಒಂದೇ ಕಾಲದಲ್ಲಿ ರಿಪೇರಿ. ಬಡಗಿಗಳು, ಮೆಕ್ಯಾನಿಕ್‌ಗಳು ಕೆಲವರೇ. ಕರಾವಳಿಯಲ್ಲಿ ಸಿಗುವ ಎಂಜಿನ್ ಬಿಡಿಭಾಗ ಒಳನಾಡಿನ ಪೇಟೆಯಲ್ಲಿ ಸಿಗಬೇಕೆಂದಿಲ್ಲ. ಇದರ ಮೇಲೆ ಹಣದ ಅಡಚಣೆ ಬೇರೆ. ದೋಣಿ ಸಾರ್ವಜನಿಕರದ್ದಾದರೆ ಮಂಜೂರಾತಿಗೂ ಕಾಯಬೇಕು.

ತಡವನ್ನು ನಿಭಾಯಿಸುವುದು ಹೇಗೆ?

1. ದಿನಗಳನ್ನು ಹಿಂದಿನಿಂದ ಎಣಿಸೋಣ. 'ಯಾವಾಗ ಶುರು ಮಾಡೋಣ' ಎನ್ನುವ ಮೊದಲು 'ಯಾವಾಗ ನೀರಿಗಿಳಿಯಬೇಕು' ಎಂದು ಕೇಳಬೇಕು. ಕೃಷ್ಣಾ ತೀರದಲ್ಲಿ ಜೂನ್ ಮೊದಲ ವಾರಕ್ಕೆ ಬೋಟು ಸಿದ್ಧವಿರಬೇಕೆಂದಾದರೆ ಮೇ ಮಧ್ಯಕ್ಕೆ ಪರೀಕ್ಷೆ ಮುಗಿಯಬೇಕು, ಫೆಬ್ರುವರಿಯಲ್ಲೇ ಅದನ್ನು ಬಿಚ್ಚಿ ನೋಡಬೇಕು. ನೆರೆ ಇಳಿದ ಕೂಡಲೇ ತೊಳೆದು, ಎಲ್ಲೆಲ್ಲಿ ಪೆಟ್ಟಾಗಿದೆ ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು.

2. ಕೆಲಸವನ್ನು ಎರಡು ಪಟ್ಟಿ ಮಾಡೋಣ. ತಳ ಸೋರಬಾರದು, ಎಂಜಿನ್ ಹಿಡಿಯಬೇಕು, ಹುಟ್ಟು, ಹಗ್ಗ ಮತ್ತು ಜೀವರಕ್ಷಕ ಜಾಕೆಟ್ ಇರಬೇಕು. ಇವು ಮೊದಲ ಪಟ್ಟಿ. ಬಣ್ಣ, ಹೆಸರು, ಕೂರುವ ಹಲಗೆಯ ಅಂದ ಇವೆಲ್ಲ ಎರಡನೆಯದು. ಹಣವಾಗಲಿ ದಿನವಾಗಲಿ ಕಡಿಮೆ ಬಿದ್ದಾಗ ಎರಡನೆಯ ಪಟ್ಟಿಯನ್ನು ಮುಂದೂಡಬಹುದು, ಮೊದಲನೆಯದನ್ನು ಮುಂದೂಡುವಂತಿಲ್ಲ.

3. ಕಾಯುವ ದಿನಗಳನ್ನು ವ್ಯರ್ಥ ಮಾಡದಿರೋಣ. ಬಿಡಿಭಾಗ ಬರುವವರೆಗೆ ಹಳೆಯ ಪೆಟ್ರೋಲ್ ತೆಗೆದು ಕಾರ್ಬುರೇಟರ್ ಸ್ವಚ್ಛ ಮಾಡಬಹುದು, ಪ್ಲಗ್ ಬದಲಿಸಬಹುದು, ಎಂಜಿನ್ನಿಗೆ ತಣ್ಣೀರು ಎಳೆಯುವ ಪಂಪಿನ ರಬ್ಬರ್ ಚಕ್ರವನ್ನು ನೋಡಬಹುದು. ಜಾಕೆಟ್‌ಗಳ ಪಟ್ಟಿ, ಹೊಲಿಗೆ ಪರೀಕ್ಷಿಸಿ, ಮಕ್ಕಳ ಅಳತೆಯವು ಇವೆಯೇ ಎಂದು ಎಣಿಸಿಡಬಹುದು.

4. ಹಣವನ್ನು ಹಂತ ಹಂತವಾಗಿ ಕೊಡೋಣ. ಪೂರ್ತಿ ಮುಂಗಡ ಕೊಟ್ಟರೆ ಕೆಲಸ ಹಿಂದೆ ಬೀಳುತ್ತದೆ, ಏನೂ ಕೊಡದಿದ್ದರೆ ಬಡಗಿಯ ಮನೆಯ ಒಲೆ ಉರಿಯುವುದಿಲ್ಲ. ಯಾವ ಕೆಲಸ ಮುಗಿದಾಗ ಎಷ್ಟು ಎಂದು ಮೊದಲೇ ಬರೆದಿಟ್ಟರೆ ಇಬ್ಬರಿಗೂ ನೆಮ್ಮದಿ.

5. ತಡವಾಗಿದೆ ಎಂಬುದನ್ನು ಮುಚ್ಚಿಡದಿರೋಣ. ಇದೇ ಎಲ್ಲಕ್ಕಿಂತ ಮುಖ್ಯ. 'ನಾಳೆ ಆಗುತ್ತದೆ' ಎಂಬ ಮಾತು ನಂಬಿ ಕುಳಿತ ಮನೆಯವರು ಬೇರೆ ದಾರಿ ಹುಡುಕುವುದಿಲ್ಲ. ಬೋಟು ಈ ತಿಂಗಳು ಇಲ್ಲ ಎಂದು ಮೊದಲೇ ತಿಳಿದರೆ ತುಂಬು ಗರ್ಭಿಣಿಯನ್ನು ಆಚೆ ದಡದ ನೆಂಟರ ಮನೆಗೆ ಕಳುಹಿಸಬಹುದು, ಡಯಾಲಿಸಿಸ್ ಬೇಕಾದವರು ಆಸ್ಪತ್ರೆಯ ಹತ್ತಿರ ಉಳಿಯಬಹುದು, ದನಕರುಗಳನ್ನು ಎತ್ತರಕ್ಕೆ ಸಾಗಿಸಬಹುದು, ಪಕ್ಕದ ಊರಿನ ಬೋಟನ್ನು ಕೇಳಿಡಬಹುದು. ವಾರಕ್ಕೊಮ್ಮೆ ಪಂಚಾಯತಿಯ ಫಲಕದಲ್ಲಿ ಒಂದು ಸಾಲು ಬರೆದರೂ ಸಾಕು.

6. ಅರ್ಧ ರಿಪೇರಿಯಾದ ದೋಣಿಗೆ ಜನರನ್ನು ಹತ್ತಿಸದಿರೋಣ. ತಡವಾದ ಕೆಲಸದ ಕೊನೆಗೆ ಅವಸರ ಬರುವುದು ಸಹಜ, ಅಪಾಯ ಇರುವುದೂ ಅಲ್ಲೇ. ರಬ್ಬರ್ ಬೋಟಿಗೆ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು ನೋಡಬೇಕು. ಮರದ ಅಥವಾ ಫೈಬರ್ ದೋಣಿಯಲ್ಲಿ ಮೊದಲು ಮರಳಿನ ಚೀಲ ಹೇರಿ, ದಡದ ಹತ್ತಿರವೇ ಪರೀಕ್ಷಿಸಬೇಕು. ಆಮೇಲೆ ಮನುಷ್ಯರು.

ನಾವು ಏನು ಮಾಡಬಹುದು?

ನೆರೆ ಬಂದಾಗ ಅಕ್ಕಿ, ಬಟ್ಟೆ, ಔಷಧ ಸಂಗ್ರಹಿಸಲು ನಮ್ಮ ಧರ್ಮಕೇಂದ್ರಗಳಲ್ಲಿ ಕೈಗಳಿಗೆ ಕೊರತೆಯಿಲ್ಲ. ಆದರೆ ಹೊಳೆಯ ದಡದ ಊರಿಗೆ ಮಾರ್ಚ್ ತಿಂಗಳಲ್ಲಿ ಸಿಗುವ ಒಬ್ಬ ಒಳ್ಳೆಯ ಫೈಬರ್ ಕೆಲಸಗಾರ ಆಗಸ್ಟ್‌ನ ಹತ್ತು ಮೂಟೆ ಅಕ್ಕಿಗಿಂತ ಹೆಚ್ಚು ಉಪಕಾರಿಯಾಗಬಹುದು. ಇಂತಹ ಕೈಕಸುಬು ಬಲ್ಲವರು ನಮ್ಮ ಕರಾವಳಿಯಲ್ಲಿದ್ದಾರೆ. ಸೇವಾ ಸಮಿತಿಗಳು ಬೇಸಿಗೆಯಲ್ಲೇ ಅಲ್ಲಿನವರನ್ನು ವಿಚಾರಿಸಿ, ಬೇಕಾದ ಬಿಡಿಭಾಗ ಅಥವಾ ಕೆಲಸಗಾರರನ್ನು ಕಳುಹಿಸಲು ಸಾಧ್ಯವೇ ಎಂದು ಯೋಚಿಸಬೇಕು.

ನಮ್ಮ ನೆರೆಕರೆಯಲ್ಲೂ ದೋಣಿ ದಡದಲ್ಲೇ ಉಳಿದ ಮನೆಗಳಿರುತ್ತವೆ. ಅಂತಹ ಮನೆಗೆ ಹೋದಾಗ 'ಇನ್ನೂ ಆಗಲಿಲ್ಲವೇ?' ಎಂದು ಕೇಳಿದರೆ ನೊಂದ ಮನಸ್ಸು ಮತ್ತಷ್ಟು ಕುಗ್ಗುತ್ತದೆ. 'ಯಾವ ಕೆಲಸ ಬಾಕಿ ಇದೆ, ನಮ್ಮಿಂದ ಏನಾದರೂ ಆಗುವುದಿದೆಯೇ?' ಎಂದು ಕೇಳೋಣ. ಆಗ ಅವರು ಮನಬಿಚ್ಚಿ ಮಾತನಾಡುತ್ತಾರೆ, ಮುಂದಿನ ದಾರಿಯೂ ತೋರುತ್ತದೆ.